ಮುರಕಲ್ಲಿನ ಬಯಲು ಮತ್ತು ಒಂದು ಬಿಳಿ ಹೂವು

ಉತ್ತರ ಕರ್ನಾಟಕದಿಂದ ದುಡಿಮೆ ಅರಸಿ ಬಂದ ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ವಾಸ್ಕೊ ನಗರದ ಮಂಗೋರ್ ಹಿಲ್, ಗೋವಾ ಕರಾವಳಿಯ ಮುರಕಲ್ಲು ಪ್ರದೇಶಕ್ಕೆ ಸೇರಿದೆ. ಮುರಕಲ್ಲು ಎಂದರೆ ಬಿಸಿಲುಮಳೆಗೆ ಶಿಲೆ ಶಿಥಿಲಗೊಂಡು, ಕಬ್ಬಿಣದ ಅಂಶ ಉಳಿದು ಗಟ್ಟಿಯಾದ ಕೆಂಪು ಕಲ್ಲು. ಅದು ಹಾಸಿದ ಎತ್ತರದ ಬಯಲನ್ನು ಕೊಂಕಣದಲ್ಲಿ ‘ಸಡಾ’ ಎನ್ನುತ್ತಾರೆ.

ಇಂಥ ಬಯಲುಗಳ ಅಪರೂಪದ ಸಸ್ಯ ‘ದಿಪ್ಕಾಡಿ ಕೊಂಕಣೆನ್ಸ್’. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವನು, 1861ರಲ್ಲಿ ಗಿಬ್ಸನ್ನನೊಡನೆ ಬಾಂಬೆ ಪ್ರಾಂತದ ಸಸ್ಯಸಂಪತ್ತಿನ ಗ್ರಂಥವನ್ನು ಪ್ರಕಟಿಸಿದ ಸಸ್ಯಶಾಸ್ತ್ರಜ್ಞ ಡಾಲ್ಜೆಲ್. ಬೇಸಿಗೆಯಲ್ಲಿ ನೆಲದೊಳಗಿನ ಗಡ್ಡೆಯಾಗಿ ಅಡಗಿರುವ ಈ ಸಸ್ಯ, ಮುಂಗಾರಿನ ಆರಂಭದಲ್ಲಿ ಬಿಳಿ ಹೂ ತಳೆದು, ಕೆಲವೇ ವಾರಗಳಲ್ಲಿ ಮತ್ತೆ ಮರೆಯಾಗುತ್ತದೆ.

ವರ್ಷದ ಬಹುಪಾಲು ಬರಡಾಗಿ ಕಾಣುವುದರಿಂದಲೇ ಸಡಾ ಪಾಳುಭೂಮಿಯೆನಿಸಿ, ಕಲ್ಲುಕ್ವಾರಿ, ಮಾವಿನ ತೋಟ, ಕಟ್ಟಡಗಳಿಗೆ ಒಪ್ಪಿಸಲ್ಪಟ್ಟಿತು. ಇಂಥದೇ ಬಯಲಾದ ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮಘಟ್ಟಗಳ ಭಾಗವಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ, ಮರವಿಲ್ಲದ ಬಯಲಿಗೂ ಬೆಲೆಯುಂಟೆಂಬುದು ಸ್ಪಷ್ಟವಾಯಿತು. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸುವ ಹೊಣೆಯನ್ನೂ, ರಾಜ್ಯಗಳಿಗೆ ಪಾರಂಪರಿಕ ತಾಣ ಘೋಷಿಸುವ ಅಧಿಕಾರವನ್ನೂ ನೀಡಿದೆ. ದಿಪ್ಕಾಡಿಯ ಗಡ್ಡೆಯನ್ನು ಕುಂಡದಲ್ಲಿ ಉಳಿಸಬಹುದಾದರೂ, ಅದರ ಕುಲ ಬಾಳುವುದು ಬಯಲು ಅಗೆತಕ್ಕೆ ಸಿಕ್ಕದಿದ್ದಾಗ ಮಾತ್ರ. ಆದ್ದರಿಂದ ಹೂವಿನ ರಕ್ಷಣೆಯ ಮೊದಲ ಹೆಜ್ಜೆ, ಕಂದಾಯದ ದಾಖಲೆಯಲ್ಲಿ ಆ ನೆಲವನ್ನು ಪಾಳು ಎನ್ನುವುದನ್ನು ನಿಲ್ಲಿಸುವುದೇ ಆಗಿದೆ.