ಬ್ರಹ್ಮಗಿರಿಯಿಂದ ಜೆರಿಕೋವರೆಗೆ



ಏಳು ದಿನಗಳ ಪ್ರದಕ್ಷಿಣೆ, ಕೊಂಬಿನ ಧ್ವನಿ, ಜನರ ಆರ್ಭಟ, ಕುಸಿದು ಬಿದ್ದ ಜೆರಿಕೋ ಕೋಟೆ: ಧರ್ಮೋಪದೇಶದ ತರಗತಿಯಲ್ಲಿ ಇದನ್ನು ನಾವೆಲ್ಲ ಕೇಳಿ ಬೆಳೆದವರು. ಅಲ್ಲಿ ನೆಲ ಅಗೆದವರಿಗೆ ಸಿಕ್ಕಿದ್ದೇನು? ಅದನ್ನು ತಿಳಿಯಲು ಮೊದಲು ನಮ್ಮ ಚಿತ್ರದುರ್ಗ ಜಿಲ್ಲೆಗೆ ಹೋಗೋಣ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಶೋಕನ ಶಾಸನಕ್ಕೆ ಹೆಸರಾದ ಊರು. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದವರು ಬ್ರಿಟನ್ನಿನ ಮಾರ್ಟಿಮರ್ ವೀಲರ್. 1944ರಿಂದ 1948ರವರೆಗೆ ಅವರು ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರು. ನೆಲವನ್ನು ಚೌಕಗಳಾಗಿ ಗುರುತಿಸಿ, ನಡುವೆ ಹೊಲದ ಬದುವಿನಂತೆ ಮಣ್ಣು ಉಳಿಸಿ ಅಗೆಸುವುದು ಅವರ ಕ್ರಮ. ಆ ಬದುವಿನ ಮಗ್ಗುಲಲ್ಲಿ ಮಣ್ಣಿನ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. 1945ರಲ್ಲಿ ಪಾಂಡಿಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಚೂರುಗಳ ಜೊತೆ ಸಿಕ್ಕಂಥದೇ ಸ್ಥಳೀಯ ಮಡಕೆ ಬ್ರಹ್ಮಗಿರಿಯಲ್ಲೂ ಸಿಕ್ಕಿತು. ಅದರಿಂದ ಆ ಪದರದ ಕಾಲ ತಿಳಿಯಿತು: ಸುಮಾರಾಗಿ ಕ್ರಿಸ್ತಶಕ ಮೊದಲನೆಯ ಶತಮಾನ.

ಇದೇ ಕ್ರಮವನ್ನು ವೀಲರ್ ಅವರ ಬಳಿ 1930ರ ದಶಕದಲ್ಲಿ, ಸಂತ ಆಲ್ಬನರು ರಕ್ತಸಾಕ್ಷಿಯಾದ ಇಂಗ್ಲೆಂಡಿನ ವೆರುಲೇಮಿಯಂ ಪಟ್ಟಣದಲ್ಲಿ ಕಲಿತವರು ಕ್ಯಾಥಲೀನ್ ಕೆನ್ಯನ್. 1952ರಲ್ಲಿ ಅವರು ಜೆರಿಕೋಗೆ ಬಂದರು. ಅದಕ್ಕೆ ಮುಂಚೆ 1930ರ ದಶಕದಲ್ಲಿ ಅಲ್ಲಿ ಅಗೆದಿದ್ದ ಜಾನ್ ಗಾರ್‌ಸ್ಟ್ಯಾಂಗ್, ಕುಸಿದ ಗೋಡೆಯೊಂದನ್ನು ಕಂಡು ಇದೇ ಯೆಹೋಶುವನ ಕಾಲದ ಕೋಟೆ ಎಂದಿದ್ದರು. ಪದರಗಳನ್ನು ಓದಿದ ಕೆನ್ಯನ್, ಆ ಗೋಡೆ ಯೆಹೋಶುವನಿಗಿಂತ ಸುಮಾರು ಸಾವಿರ ವರ್ಷ ಹಳೆಯದೆಂದು ತೋರಿಸಿದರು. ಅವನ ಕಾಲದ ಕೋಟೆಗೋಡೆ ಅಲ್ಲಿ ಸಿಗಲಿಲ್ಲ. ಬದಲಿಗೆ ಸುಮಾರು ಹತ್ತು ಸಾವಿರ ವರ್ಷ ಹಳೆಯದಾದ ಕಲ್ಲಿನ ಗೋಪುರವೊಂದು ಸಿಕ್ಕಿತು!

ಇದರಿಂದ ನಮ್ಮ ವಿಶ್ವಾಸ ಅಲುಗಾಡಬೇಕೇ? ಮೃತಸಮುದ್ರದ ಬಳಿಯ ಕುಮ್ರಾನನ್ನು ಅಗೆದ ಫ್ರಾನ್ಸಿನ ಡೊಮಿನಿಕನ್ ಗುರು ರೋಲಾಂ ದ ವೋ ಹಾಗೆ ಅಂಜಲಿಲ್ಲ. 1961ರಲ್ಲಿ ಜೆರುಸಲೇಮಿನ ಉತ್ಖನನಕ್ಕೆ ಇದೇ ಕೆನ್ಯನ್ ಅವರೊಂದಿಗೆ ಕೈಜೋಡಿಸಿದರು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ, ಪವಿತ್ರ ಗ್ರಂಥವನ್ನು ಬರೆದವರು ಯಾವ ಸಾಹಿತ್ಯ ಪ್ರಕಾರದಲ್ಲಿ ಬರೆದರೆಂದು ನೋಡಿ ಅರ್ಥಮಾಡಿಕೊಳ್ಳಬೇಕೆಂದು ಬೋಧಿಸಿತು. ವಾಗ್ದತ್ತ ನಾಡು ದೇವರ ಕೊಡುಗೆ ಎಂಬುದು ಜೆರಿಕೋ ಕಥೆಯ ತಿರುಳು. ಅದು ಗೋಡೆಯ ವಯಸ್ಸನ್ನು ಅವಲಂಬಿಸಿಲ್ಲ.

ಕಾಲೇಜಿನಿಂದ ಬಂದ ಮಗನೋ ಮಗಳೋ ಊಟದ ಹೊತ್ತಿನಲ್ಲಿ ಇಂಥ ಪ್ರಶ್ನೆ ಕೇಳಿದರೆ ಗದರಿಸಿ ಬಾಯಿ ಮುಚ್ಚಿಸುವುದು ಬೇಡ. ಬೈಬಲ್ ತೆರೆದು ಅವರ ಪಕ್ಕದಲ್ಲಿ ಕುಳಿತುಕೊಳ್ಳೋಣ. ಸತ್ಯವನ್ನು ಹುಡುಕುವವರ ಜೊತೆ ದೇವರಿದ್ದಾರೆ.