ಬ್ಯಾಸ್ಕೆಟ್‌ಬಾಲ್: ಹೊಸಬರಿಗೆ ಮೊದಲ ಪಾಠಗಳು ಮತ್ತು ದೇಹದ ತಯಾರಿ

ಕಂಬದೂರು: ನಮ್ಮ ಗಡಿ ಭಾಗದ ಊರುಗಳಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್ ಗೊತ್ತಿಲ್ಲದ ಮಕ್ಕಳಿಲ್ಲ. ಕ್ರಿಕೆಟ್ ಬಗ್ಗೆ ಹೇಳುವುದೇ ಬೇಡ. ಬ್ಯಾಸ್ಕೆಟ್‌ಬಾಲ್ ಮಾತ್ರ ಪಟ್ಟಣದ ಕಾನ್ವೆಂಟ್ ಮಕ್ಕಳ ಆಟ, ಸಿಮೆಂಟ್ ಅಂಕಣ ಇದ್ದವರ ಆಟ, ಉದ್ದ ಇದ್ದವರ ಆಟ ಎಂಬ ಭಾವನೆ ಬೇರೂರಿದೆ. ಈ ಮೂರೂ ಪೂರ್ತಿ ನಿಜವಲ್ಲ. ಕಂಬದೂರು, ಕಲ್ಯಾಣದುರ್ಗ, ಹಿಂದೂಪುರ ಕಡೆಯ ಹಾಗೂ ಗಡಿಯಾಚೆ ಪಾವಗಡ ಕಡೆಯ ಮಕ್ಕಳಿಗೆ, ಪಾಲಕರಿಗೆ, ಶಾಲೆಯ ಡ್ರಿಲ್ ಮೇಷ್ಟ್ರುಗಳಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಆಟದ ಹಿನ್ನೆಲೆ

ಈ ಆಟ ಹುಟ್ಟಿದ್ದೇ ಅನುಕೂಲ ಇಲ್ಲದ ಕಡೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿ ಫುಟ್‌ಬಾಲ್ ಚೆಂಡಿನಿಂದಲೇ ಆಡಿಸಿದರು. ಆ ಹತ್ತು ಅಡಿ ಇಂದಿಗೂ ಬದಲಾಗಿಲ್ಲ. ನಮ್ಮ ದೇಶದ ಮಾತಿಗೆ ಬಂದರೆ, 2015ರಲ್ಲಿ ಅಮೆರಿಕದ ಎನ್‌ಬಿಎ ತಂಡವೊಂದು ಆಯ್ಕೆ ಮಾಡಿದ ಮೊದಲ ಭಾರತೀಯ ಸತ್ನಾಮ್ ಸಿಂಗ್ ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತರ ಮಗ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಮಹಿಳೆಯರು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು.

ಸತ್ನಾಮ್ ಏಳಡಿಗೂ ಹೆಚ್ಚು ಎತ್ತರ ಎಂಬುದು ನಿಜ. ಆದರೆ ಅದೇ ಎನ್‌ಬಿಎಯಲ್ಲಿ ಮಗ್ಸಿ ಬೋಗ್ಸ್ ಎಂಬ ಆಟಗಾರ 5 ಅಡಿ 3 ಅಂಗುಲ ಎತ್ತರದಲ್ಲೇ ಹದಿನಾಲ್ಕು ಸೀಸನ್ ಆಡಿದರು. ಇನ್ನೊಂದು ಮಾತು: ಬ್ಯಾಸ್ಕೆಟ್‌ಬಾಲ್ ಆಡಿದರೆ ಉದ್ದ ಬೆಳೆಯುತ್ತಾರೆ ಎಂದು ಮಕ್ಕಳನ್ನು ಕಳಿಸುವವರಿದ್ದಾರೆ. ಎತ್ತರ ಬರುವುದು ಮುಖ್ಯವಾಗಿ ತಂದೆ-ತಾಯಿಯಿಂದ, ನಂತರ ಊಟ-ನಿದ್ದೆಯಿಂದ. ಆಟದಿಂದ ಬರುವುದು ಕಾಲಿನ ಶಕ್ತಿ, ಉಸಿರಿನ ಬಲ, ಕಣ್ಣಿನ ಚುರುಕು.

ನಿಯಮ, ಅಳತೆ

ತಂಡಕ್ಕೆ ಐವರು. ಹತ್ತು ನಿಮಿಷದ ನಾಲ್ಕು ಪಾಳಿ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ರಿಂಗಿನ ಎತ್ತರ 3.05 ಮೀಟರ್. 6.75 ಮೀಟರ್ ಗೆರೆಯ ಹೊರಗಿನಿಂದ ಹಾಕಿದರೆ 3 ಅಂಕ, ಒಳಗಿನಿಂದ 2, ಫ್ರೀ ಥ್ರೋಗೆ 1. ಚೆಂಡು ಕೈಗೆ ಬಂದ ತಂಡ 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು. ಒಬ್ಬರು ಐದು ಫೌಲ್ ಮಾಡಿದರೆ ಹೊರಗೆ. ಚೆಂಡು ಹಿಡಿದು ಓಡುವಂತಿಲ್ಲ. ಪುಟಿಸುತ್ತಾ ಹೋಗಿ, ಒಮ್ಮೆ ಎರಡು ಕೈಯಲ್ಲಿ ಹಿಡಿದ ಮೇಲೆ ಮತ್ತೆ ಪುಟಿಸುವಂತಿಲ್ಲ.

ಪೂರ್ತಿ ಅಂಕಣ, ಹತ್ತು ಜನ ಸಿಗದ ಊರಿಗೆ 3x3 ಆಟವೇ ಸರಿ. ಅರ್ಧ ಅಂಕಣ, ಒಂದೇ ರಿಂಗ್, ತಂಡಕ್ಕೆ ಮೂವರು, ಹತ್ತು ನಿಮಿಷ. ಅಷ್ಟರೊಳಗೆ ಮೊದಲು 21 ಅಂಕ ಮಾಡಿದವರು ಗೆದ್ದಂತೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಆಟವೂ ಹೌದು.

ರಿಂಗ್ ಮತ್ತು ಜಾಗ

ವೆಲ್ಡಿಂಗ್ ಅಂಗಡಿಯಲ್ಲಿ 16 ಎಂಎಂ ಕಬ್ಬಿಣದ ಸರಳು ಬಗ್ಗಿಸಿ ಒಳ ಅಳತೆ 45 ಸೆಂ.ಮೀ. ಬರುವಂತೆ ಬಳೆ ಮಾಡಿಸಬಹುದು. ದಪ್ಪ ಹಲಗೆಗೆ ಅದನ್ನು ಬೋಲ್ಟ್ ಹಾಕಿ ಬಿಗಿದು ಗಟ್ಟಿ ಕಂಬಕ್ಕೆ ನಿಲ್ಲಿಸಿದರೆ ಸಾಕು. ಕಂಬವನ್ನು ಆಳವಾಗಿ ಹೂಳಿ ಕಾಂಕ್ರೀಟ್ ಹಾಕಿಸಿ, ಏಕೆಂದರೆ ಹುಡುಗರು ರಿಂಗಿಗೆ ಜೋತುಬೀಳದೆ ಬಿಡುವುದಿಲ್ಲ.

ಚಿಕ್ಕ ಮಕ್ಕಳಿಗೆ ಹತ್ತು ಅಡಿ ರಿಂಗ್, ದೊಡ್ಡವರ ಚೆಂಡು ಕೊಡುವುದು ಬಹಳ ಕಡೆ ನಡೆಯುವ ತಪ್ಪು. ಚೆಂಡು ಮೇಲಕ್ಕೆ ತಲುಪಲೆಂದು ಮಗು ಸೊಂಟ ತಿರುಚಿ, ಎರಡು ಕೈಯಿಂದ ಬೀಸಿ ಎಸೆಯುತ್ತದೆ. ಆ ಅಭ್ಯಾಸ ಹದಿನೆಂಟಾದರೂ ಹೋಗದು. ಹನ್ನೆರಡರ ಒಳಗಿನವರಿಗೆ ರಿಂಗ್ 2.60 ಮೀಟರ್, ಅಂದರೆ ಸುಮಾರು ಎಂಟೂವರೆ ಅಡಿ ಇರಲಿ, ಚೆಂಡು 5ನೇ ನಂಬರ್ ಇರಲಿ. ದೊಡ್ಡ ಹುಡುಗಿಯರಿಗೆ 6, ದೊಡ್ಡ ಹುಡುಗರಿಗೆ 7. ತಲೆಯೆತ್ತರದಿಂದ ಕೈಬಿಟ್ಟ ಚೆಂಡು ಸೊಂಟದ ಮಟ್ಟಕ್ಕೆ ಎದ್ದರೆ ಗಾಳಿ ಸರಿಯಾಗಿದೆ ಎಂದರ್ಥ.

ಮರಳು ನೆಲದಲ್ಲಿ ಚೆಂಡು ಪುಟಿಯುವುದಿಲ್ಲ. ನೀರು ಹೊಡೆದು ದಮ್ಮಸು ಮಾಡಿದ ಮೊರಂ ನೆಲವಾಗಬಹುದು. ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದಿರುವ ಕಣವಂತೂ ಡ್ರಿಬಲ್ ಕಲಿಯಲು ಹೇಳಿ ಮಾಡಿಸಿದಂತಿರುತ್ತದೆ. ಕಲ್ಲು, ಮುಳ್ಳು ಮೊದಲು ಗುಡಿಸಿರಿ. ಚಪ್ಪಲಿ ಹಾಕಿ ಆಡುವುದು ಬೇಡವೇ ಬೇಡ; ಹಿಡಿತವಿರುವ ಕ್ಯಾನ್ವಾಸ್ ಶೂ ಸಾಕು.

ಮೊದಲು ಕಾಲು, ಆಮೇಲೆ ಚೆಂಡು

ಚೆಂಡು ಸಿಕ್ಕ ಕೂಡಲೇ ರಿಂಗಿಗೆ ಎಸೆಯುವುದು ಎಲ್ಲರ ಆಸೆ. ಆದರೆ ಮೊದಲ ಎರಡು ವಾರ ಕಲಿಯಬೇಕಾದದ್ದು ನಿಲ್ಲುವುದನ್ನು. ಪಾದಗಳು ಭುಜದಷ್ಟು ಅಗಲ, ಮೊಣಕಾಲು ಬಗ್ಗಿ, ಸೊಂಟ ಕೆಳಗೆ, ಎದೆ ಮುಂದಕ್ಕೆ, ಕಣ್ಣು ಎದುರಿಗೆ. ಕಬಡ್ಡಿಯಲ್ಲಿ ರೈಡರ್‌ಗೆ ಕಾಯುತ್ತಾ ನಿಲ್ಲುವ ಭಂಗಿಗೆ ಇದು ಬಹಳ ಹತ್ತಿರ. ಆದ್ದರಿಂದ ಕಬಡ್ಡಿ ಆಡಿದ ಹುಡುಗ-ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ರಕ್ಷಣೆ ಅರ್ಧ ಬಂದಂತೆಯೇ, ಕೈ ಹಾಕಿ ಹಿಡಿಯುವುದನ್ನು ಮಾತ್ರ ಮರೆಯಬೇಕು! ಈ ಭಂಗಿಯಲ್ಲೇ ಪಕ್ಕಕ್ಕೆ ಜಾರುತ್ತಾ ಹೋಗಿ. ಕಾಲುಗಳು ಅಡ್ಡ ಸೇರಬಾರದು.

ನಂತರ ಓಡುತ್ತಾ ಬಂದು ಎರಡು ಪಾದವನ್ನೂ ಒಟ್ಟಿಗೆ ಊರಿ ಸದ್ದಿಲ್ಲದೆ ನಿಲ್ಲುವುದು. ದಪ್ ಎಂದು ಸದ್ದು ಬಂದರೆ ಮೊಣಕಾಲು ಬಗ್ಗಿಲ್ಲವೆಂದು ತಿಳಿಯಿರಿ. ಇಳಿಯುವಾಗ ಮೊಣಕಾಲುಗಳು ಒಳಕ್ಕೆ ವಾಲದೆ ಪಾದದ ಬೆರಳುಗಳ ನೇರಕ್ಕೆ ಇರಬೇಕು. ಈ ಆಟದಲ್ಲಿ ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಎದುರಾಳಿ ಗುದ್ದಿದ್ದರಿಂದಲ್ಲ, ತಪ್ಪಾಗಿ ಇಳಿದದ್ದರಿಂದ, ತಟ್ಟನೆ ತಿರುಗಿದ್ದರಿಂದ. ಹುಡುಗಿಯರಲ್ಲಿ ಈ ಅಪಾಯ ಹುಡುಗರಿಗಿಂತ ಹೆಚ್ಚು ಎಂದು ಕ್ರೀಡಾ ವೈದ್ಯರು ಹೇಳುತ್ತಾರೆ. ಹಾಗೆಂದು ಹುಡುಗಿಯರನ್ನು ಆಟ ಬಿಡಿಸಬೇಕಿಲ್ಲ, ಇಳಿಯುವುದನ್ನು ಸರಿಯಾಗಿ ಕಲಿಸಬೇಕು.

ಚೆಂಡಿನ ಕೆಲಸ

ಡ್ರಿಬಲ್ ಎಂದರೆ ಅಂಗೈಯಿಂದ ಬಡಿಯುವುದಲ್ಲ, ಬೆರಳುಗಳಿಂದ ತಳ್ಳುವುದು. ಎತ್ತರ ಸೊಂಟಕ್ಕಿಂತ ಕೆಳಗೆ, ನೋಟ ಚೆಂಡಿನ ಮೇಲಲ್ಲ. ಎದುರಿಗೆ ಗೆಳೆಯ ನಿಂತು ಬೆರಳು ತೋರಿಸಲಿ, ಪುಟಿಸುತ್ತಲೇ ಎಷ್ಟೆಂದು ಹೇಳಬೇಕು. ಕನ್ನಡದಲ್ಲೋ ತೆಲುಗಿನಲ್ಲೋ, ಅವರವರ ಇಷ್ಟ. ಎಡಗೈಗೆ ಬಲಗೈಗಿಂತ ಎರಡರಷ್ಟು ಅಭ್ಯಾಸ ಕೊಡಿ.

ಪಾಸ್‌ನಲ್ಲಿ ಎದೆಯ ಪಾಸ್, ನೆಲಕ್ಕೆ ಪುಟಿಸಿ ಕೊಡುವ ಪಾಸ್ ಎರಡು ಸಾಕು. ಶಾಲೆಯ ಗೋಡೆಯೇ ಜೊತೆಗಾರ.

ಶಾಟ್ ರಿಂಗಿನ ಹತ್ತಿರದಿಂದ ಶುರುವಾಗಬೇಕು. ಮೊಣಕೈ ಚೆಂಡಿನ ಕೆಳಗೆ, ಇನ್ನೊಂದು ಕೈ ಪಕ್ಕದಲ್ಲಿ ಆಸರೆಗೆ ಮಾತ್ರ. ಬಲ ಬರುವುದು ಮೊಣಕಾಲಿನಿಂದ. ಕೊನೆಗೆ ಮಣಿಕಟ್ಟು ಮುಂದಕ್ಕೆ ಬಾಗಿ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೋಗಬೇಕು. ನೇರ ಎಸೆಯದೆ ಕಮಾನಿನಂತೆ ಎತ್ತಿರಿ, ಮೇಲಿನಿಂದ ಇಳಿಯುವ ಚೆಂಡಿಗೆ ರಿಂಗ್ ಹೆಚ್ಚು ಅಗಲ ಸಿಗುತ್ತದೆ. ಹತ್ತಕ್ಕೆ ಆರು ಬೀಳತೊಡಗಿದಾಗ ಒಂದು ಹೆಜ್ಜೆ ಹಿಂದೆ ಸರಿಯಿರಿ.

ದೇಹದ ತಯಾರಿ

ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಸಾಕು. ಮೊದಲ ಹತ್ತು ನಿಮಿಷ ನಿಧಾನ ಓಟ, ಕೈಕಾಲು ಬೀಸುವುದು. ಹಗ್ಗದಾಟ ಒಂದು ನಿಮಿಷದಂತೆ ಐದು ಸಲ. ಬಸ್ಕಿ ಹತ್ತರಂತೆ ಮೂರು ಸಲ, ಪ್ಲ್ಯಾಂಕ್ ಅರ್ಧ ನಿಮಿಷದಂತೆ ಮೂರು ಸಲ. ಹತ್ತು ಮೀಟರ್ ದೂರದಲ್ಲಿ ಎರಡು ಕಲ್ಲಿಟ್ಟು ಮುಟ್ಟಿ ಮುಟ್ಟಿ ಓಡುವುದು. ರಸ್ತೆಯಲ್ಲಿ ಐದು ಕಿಲೋಮೀಟರ್ ಓಡುವುದಕ್ಕಿಂತ ಈ ಆಟಕ್ಕೆ ಇದೇ ಮೇಲು. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ಊತ, ನೋವು ಬಂದರೆ ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎಣ್ಣೆ ತಿಕ್ಕಿ ಮತ್ತೆ ಆಡಿಸಬೇಡಿ.

ಊಟಕ್ಕೆ ಡಬ್ಬದ ಪುಡಿ ಬೇಕಿಲ್ಲ. ರಾಗಿ ಮುದ್ದೆ (ಸಂಗಟಿ ಎನ್ನಿ), ಬೇಳೆ, ಮೊಟ್ಟೆ, ಮಜ್ಜಿಗೆ. ನಮ್ಮ ಹೊಲದ ಕಡಲೆಕಾಯಿಯಲ್ಲಿ ನೂರು ಗ್ರಾಂ ಬೀಜಕ್ಕೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ.

ಅನಂತಪುರ ಸೀಮೆಯ ಬಿಸಿಲನ್ನು ಹಗುರವಾಗಿ ಕಾಣಬೇಡಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಕಾಲು ಗಂಟೆಗೊಮ್ಮೆ ನೀರು. ಮಗು ತಲೆಸುತ್ತು, ವಾಂತಿ ಎಂದರೆ, ತೊದಲಿದರೆ ತಕ್ಷಣ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಈ ಕಡೆಯ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಶುದ್ಧೀಕರಿಸಿದ ನೀರನ್ನೇ ಕೊಡುವುದು ಒಳ್ಳೆಯದು.

ಗಡಿ ಊರಿನವರು ಗಮನಿಸಬೇಕಾದದ್ದು

ಶಾಲಾ ಕ್ರೀಡಾಕೂಟಗಳಲ್ಲಿ 14, 17, 19 ವರ್ಷದೊಳಗಿನವರೆಂದು ವಿಭಾಗಗಳಿವೆ. ಮಗು ಓದುವ ಶಾಲೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಲೆಕ್ಕಕ್ಕೇ ಆಡಬೇಕು. ಮನೆ ಮಾತು ಕನ್ನಡವೋ ತೆಲುಗೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಬಾಣಂತನ ತವರಿನಲ್ಲಿ ಆಗುವುದರಿಂದ ಎಷ್ಟೋ ಮಕ್ಕಳ ಜನನ ಪತ್ರ ಒಂದು ರಾಜ್ಯದ್ದು, ಶಾಲೆ ಇನ್ನೊಂದು ರಾಜ್ಯದ್ದು. ಒಂದರಲ್ಲಿ ಇಂಟಿಪೇರು ಮುಂದೆ, ಇನ್ನೊಂದರಲ್ಲಿ ತಂದೆಯ ಹೆಸರಿನ ಇನಿಷಿಯಲ್ ಹಿಂದೆ. ಹುಟ್ಟಿದ ತಾರೀಕು ಸಹ ಕೆಲವೊಮ್ಮೆ ಬೇರೆ. ರೈಲ್ವೆಯಂಥ ಕಡೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಹೋಗುವಾಗ ಇದೇ ಪತ್ರಗಳನ್ನು ತೋರಿಸಬೇಕು. ಜನನ ಪತ್ರ, ಆಧಾರ್, ಶಾಲಾ ದಾಖಲಾತಿ ಈ ಮೂರರಲ್ಲೂ ಹೆಸರು, ತಾರೀಕು ಒಂದೇ ಇರುವಂತೆ ಹತ್ತನೇ ತರಗತಿ ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ಸರಿ ಮಾಡಿಸಿಕೊಳ್ಳಿ.