ಭೀಮೆಯ ಎರಡು ದಂಡೆ, ಎರಡು ಪಟ್ಟಿ

ಕಲಬುರಗಿ (ಹಿಂದಿನ ಗುಲಬರ್ಗಾ) ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿ, ಜೋಳ ಬೆಳೆಯುವ ಎರೆಭೂಮಿಯ ಬಯಲುಸೀಮೆಯಾಗಿದ್ದು, ಇಲ್ಲಿ ಹೇಳಿಕೊಳ್ಳುವಂಥ ಕಾಡಿಲ್ಲವಾದ್ದರಿಂದ, ಆದಿವಾಸಿ ಹಕ್ಕು ಎಂದೊಡನೆ ಅರಣ್ಯವನ್ನೇ ನೆನೆಯುವ ಕಾನೂನು ಪಾಂಡಿತ್ಯಕ್ಕೆ ಈ ಭಾಗ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿಯ ವ್ಯಾಜ್ಯವೆಲ್ಲ ಹೆಸರಿನದು. ಸರ್ಕಾರದ ಪಟ್ಟಿಯಲ್ಲಿ ಯಾವ ಹೆಸರು ಇದೆ, ಯಾವ ಊರಿನವರಿಗೆ ಅದು ಸಲ್ಲುತ್ತದೆ ಎಂಬುದರ ಸುತ್ತಲೇ ಅದು ಬೆಳೆದಿದೆ.

ಹೈದರಾಬಾದ್ ಸಂಸ್ಥಾನದಲ್ಲಿ ವಿದ್ವಾಂಸರು ಬುಡಕಟ್ಟುಗಳ ಕಾನೂನಿಗೆ ಕೈಹಾಕಿದ್ದು ಒಂದು ದುರಂತದ ಬೆನ್ನಿಗೆ. 1940ರಲ್ಲಿ ಗೊಂಡರ ನಾಯಕ ಕುಮ್ರಂ ಭೀಮ ಅದಿಲಾಬಾದಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಮೇಲೆ ನಿಜಾಮ ಸರ್ಕಾರವು ಆಸ್ಟ್ರಿಯಾ ಮೂಲದ ಮಾನವಶಾಸ್ತ್ರಜ್ಞ ಫ್ಯೂರರ್ ಹೈಮೆನ್‌ಡಾರ್ಫ್ ಅವರ ನೆರವು ಪಡೆಯಿತು. ಮುಂದೆ ಸಂಸ್ಥಾನದ ಸಲಹೆಗಾರರೂ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರೂ ಆದ ಅವರ ಕಾಲದಲ್ಲಿಯೇ 1356 ಫಸಲಿಯ, ಅಂದರೆ ಕಂದಾಯ ವರ್ಷದ ಲೆಕ್ಕದಲ್ಲಿ 1946ರ ಸುಮಾರಿನ, ಬುಡಕಟ್ಟು ಪ್ರದೇಶಗಳ ನಿಯಂತ್ರಣ ಶಾಸನ ಬಂದಿತು. ಅದರ ಕಣ್ಣೆಲ್ಲ ತೆಲಂಗಾಣದ ಕಾಡುಗಳ ಮೇಲಿದ್ದುದರಿಂದ ಗುಲಬರ್ಗಾದ ಬಯಲು ಹೊರಗೇ ಉಳಿಯಿತು.

ಸಂವಿಧಾನದ 342ನೆಯ ವಿಧಿಯು ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ರಾಷ್ಟ್ರಪತಿಯ ಆದೇಶಕ್ಕೆ ಬಿಟ್ಟು, ಅದನ್ನು ತಿದ್ದುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಕೊಟ್ಟಿತು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಹಳೆಯ ಪಟ್ಟಿಗಳು ಮಾತ್ರ ಒಂದಾಗಲಿಲ್ಲ: ಗುಲಬರ್ಗಾ, ಬೀದರ, ರಾಯಚೂರುಗಳಿಗೆ ನಿಜಾಮ ಸೀಮೆಯಿಂದ ಬಂದ ಭೀಲ, ಚೆಂಚು, ಗೊಂಡ, ಕೋಯ, ತೋಟಿ ಎಂಬ ಐದು ಹೆಸರುಗಳಾದರೆ, ವಿಜಾಪುರಕ್ಕೆ ಮುಂಬಯಿಯ ಉದ್ದನೆಯ ಪಟ್ಟಿ. ಆ ಪಟ್ಟಿಯಲ್ಲಿ ಪಾರ್ದಿಗಳೂ ಡೋರ್ ಕೋಳಿಗಳೂ ಇದ್ದರು. ಹೀಗಾಗಿ ವಿಜಾಪುರದ ಇಂಡಿ, ಸಿಂದಗಿಗಳ ಪಾರ್ದಿಯು ಪರಿಶಿಷ್ಟ ಪಂಗಡದವನೆನಿಸಿದ. ಭೀಮಾ ಹೊಳೆ ದಾಟಿ ಅಫಜಲಪುರದಲ್ಲಿ ಅಥವಾ ಬದು ದಾಟಿ ಜೇವರ್ಗಿಯಲ್ಲಿ ನೆಲೆಸಿದ ಅವನ ಬೀಗನಿಗೆ ಆ ಹಕ್ಕಿರಲಿಲ್ಲ. ಒಂದೇ ರಾಜ್ಯದೊಳಗಿನ ಈ ಗಡಿಯನ್ನು ಬಹುಮಟ್ಟಿಗೆ ಅಳಿಸಿದ್ದು 1977ರಲ್ಲಿ ಜಾರಿಗೆ ಬಂದ 1976ರ ತಿದ್ದುಪಡಿ ಕಾಯಿದೆ. ಇಪ್ಪತ್ತು ವರ್ಷ ಎಂದರೆ ಒಂದು ತಲೆಮಾರಿನ ಶಾಲೆ ಮತ್ತು ನೌಕರಿಯ ವಯಸ್ಸು ಕಳೆದುಹೋಗಲು ಸಾಕಾದ ಕಾಲ.

ರಾಜ್ಯದ ಗಡಿಯನ್ನು ಆ ಕಾಯಿದೆಯೂ ಮುಟ್ಟಲಿಲ್ಲ. ಆಳಂದದ ತಾಂಡಾಗಳ ಲಂಬಾಣಿಗರು ಪರಿಶಿಷ್ಟ ಜಾತಿಯವರು. ಪಕ್ಕದ ಮಹಾರಾಷ್ಟ್ರದ ಅಕ್ಕಲಕೋಟ, ಉಮರ್ಗಾಗಳಲ್ಲಿರುವ ಅದೇ ಜನ ವಿಮುಕ್ತ ಜಾತಿಯವರು. ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡದವರು. ವಿಮುಕ್ತ ಎಂಬ ಮಾತಿಗೂ ಕಹಿಯಾದ ಚರಿತ್ರೆಯಿದೆ. ಹುಟ್ಟಿನಿಂದಲೇ ಕಳ್ಳರೆಂದು ಕೆಲವು ಸಮುದಾಯಗಳನ್ನು ನೋಂದಾಯಿಸಿ ಹಾಜರಿ ಹಾಕಿಸುತ್ತಿದ್ದ ಅಪರಾಧಿ ಬುಡಕಟ್ಟು ಕಾಯಿದೆ 1871ರಲ್ಲಿ ಹುಟ್ಟಿ 1952ರ ಆಗಸ್ಟ್ 31ರಂದು ರದ್ದಾಯಿತು. ಅದರಿಂದ ಬಿಡುಗಡೆಯಾದವರೇ ವಿಮುಕ್ತರು. ಅವರನ್ನು ಬೇಲಿಯೊಳಗೆ ಇರಿಸಿದ್ದ ಸೊಲ್ಲಾಪುರದ ವಸಾಹತನ್ನು ಜನ ಈಗಲೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಕಾನೂನು ಅಧ್ಯಾಪಕರು ತರಗತಿಯಿಂದ ಹೊರಬಂದು ಮಾತನಾಡಿದ ದೊಡ್ಡ ಸಂದರ್ಭವೂ ಮಹಾರಾಷ್ಟ್ರದ್ದೇ. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲಿನ ಅತ್ಯಾಚಾರ ಪ್ರಕರಣದ ತೀರ್ಪನ್ನು ಪ್ರಶ್ನಿಸಿ 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮವಾರ್ ಅವರು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಇವರಲ್ಲಿ ಧಾಗಮವಾರ್ ಆದಿವಾಸಿಗಳ ನಡುವೆ ಕೆಲಸಮಾಡಿ, ಅವರ ಅನುಭವದಲ್ಲಿ ಕಾನೂನು ಹೇಗೆ ಕಾಣುತ್ತದೆ ಎಂಬುದನ್ನೇ ತಮ್ಮ ಅಧ್ಯಯನದ ವಸ್ತುವಾಗಿಸಿಕೊಂಡರು.

ಭೀಮೆಯ ದಂಡೆಯಲ್ಲಿ ಅಂಥ ಅಧ್ಯಯನ ಹೊರಟರೆ ಮೊದಲು ಎದುರಾಗುವುದು ತಳವಾರ ಎಂಬ ಪದ. ತಳವಾರಿಕೆಯೆಂದರೆ ಊರು ಕಾಯುವ, ಸರ್ಕಾರಿ ಕರೆ ಮುಟ್ಟಿಸುವ ಚಾಕರಿ. ಈ ಸೀಮೆಯಲ್ಲಿ ಅದನ್ನು ಬೇಡ ನಾಯಕರೂ ಮಾಡಿದರು, ಮೀನು ಹಿಡಿದು ದೋಣಿ ನಡೆಸುವ ಕಬ್ಬಲಿಗರೂ ಮಾಡಿದರು. ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು 1991ರಲ್ಲಿ ನಾಯಕರ ಪರ್ಯಾಯ ನಾಮಗಳಾಗಿ ಪಟ್ಟಿ ಸೇರಿದ್ದವು. 2020ರಲ್ಲಿ ಪರಿವಾರ ಮತ್ತು ತಳವಾರ ಸೇರಿದವು. ಚಾಕರಿಯ ಹೆಸರು ಪಂಗಡದ ಹೆಸರಾದ ಕೂಡಲೇ ಯಾವ ತಳವಾರ ಎಂಬ ತಗಾದೆ ಎದ್ದಿತು.

ತಗಾದೆ ತೀರಿಸಲು ಬೇಕಾದ ಸಾಕ್ಷ್ಯ ಹಳೆಯ ಶಾಲೆಯ ದಾಖಲಾತಿ ಪುಸ್ತಕದ ಜಾತಿಯ ಅಂಕಣ. ಕೋಳಿ ಸಮುದಾಯದ್ದೇ ವ್ಯಾಜ್ಯವಾದ ಮಾಧುರಿ ಪಾಟೀಲ ಪ್ರಕರಣದಲ್ಲಿ, 1994ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಇಂಥ ದಾಖಲೆಗಳ ಜೊತೆಗೆ ದೇವರು, ಮದುವೆ, ಶವಸಂಸ್ಕಾರಗಳ ಪದ್ಧತಿಯನ್ನೂ ವಿಚಾರಿಸಬೇಕೆಂದಿತು. ಪದ್ಧತಿಯ ಪರೀಕ್ಷೆಯೇ ಅಂತಿಮವಲ್ಲವೆಂದು 2023ರಲ್ಲಿ ಸ್ಪಷ್ಟಪಡಿಸಿತು. ಆದರೆ ಇಲ್ಲಿಯ ಹಳೆಯ ದಾಖಲೆಗಳ ಕಾಲದ ನಿಜಾಮರ ಆಡಳಿತ ಉರ್ದುವಿನದು. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಳಕಾರಕ್ಕೆ ಪ್ರತ್ಯೇಕ ಅಕ್ಷರವೂ ಇಲ್ಲ. ಕಬ್ಬಲಿಗ, ಕೋಳಿ, ತಳವಾರ ಎಂಬ ಹೆಸರುಗಳು ಮೊದಲು ಆ ಲಿಪಿಗೆ ಇಳಿದು, ಅಲ್ಲಿಂದ ಮತ್ತೆ ಕನ್ನಡಕ್ಕೆ ಏರುವಾಗ ಗುಮಾಸ್ತನ ಊಹೆಯೂ ಜೊತೆಗೆ ಬರುತ್ತದೆ.

ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆನಿಂತಿದ್ದು, ಅಲ್ಲಿ ಕಾನೂನು ವಿಭಾಗವೂ ಇದೆ. ಅಲ್ಲಿ ಮಾನವ ಹಕ್ಕುಗಳನ್ನು ಓದುವವರು ಮೂಲನಿವಾಸಿಗಳ ಹಕ್ಕುಗಳ ಬಗೆಗಿನ 2007ರ ವಿಶ್ವಸಂಸ್ಥೆಯ ಘೋಷಣೆಯ ಪರ ಭಾರತ ಮತ ಹಾಕಿದ್ದನ್ನು ಪಾಠವಾಗಿ ಕಲಿಯಬಹುದು. ಸನಿಹದ ತಾಂಡಾದಲ್ಲಿ ಮಹಾರಾಷ್ಟ್ರದಿಂದ ಮದುವೆಯಾಗಿ ಬಂದ ಹೆಣ್ಣುಮಗಳಿಗೆ ಯಾವ ಪ್ರಮಾಣಪತ್ರ ಸಲ್ಲುತ್ತದೆ ಎಂಬ ಪ್ರಶ್ನೆಗೆ ಮಾತ್ರ ತಹಶೀಲ್ದಾರ ಕಚೇರಿಯ ಕಡತಗಳನ್ನೇ ಬಿಚ್ಚಬೇಕಾಗುತ್ತದೆ.